ಕೆಳಗೆ ಕೆಲಸ, ಮೇಲೆ ಮನೆ: ಪಾಲಿಸಿಲಿ ಏನ್ ಬರ್ಸಿದೀರ ಒಂದ್ಸಲ ನೋಡಿ

ಇನ್ಶೂರೆನ್ಸ್ ಕ್ಲೈಮ್ ಬಂದಾಗ ಬೆಂಕಿ, ನೀರಿನಿಂದ ಆದ ನಷ್ಟ ಸರ್ವೇ ಮಾಡೋದು ನನ್ನ ಕೆಲಸ. ಕೆಳಗೆ ವರ್ಕ್‌ಶಾಪೋ ಆಫೀಸೋ ಇಟ್ಕೊಂಡು ಮೇಲೆ ಸಂಸಾರ ಮಾಡೋರ ಕ್ಲೈಮ್ ಬಂದ್ರೆ, ಸುಟ್ಟ ಜಾಗಕ್ಕಿಂತ ಮೊದ್ಲು ನಾನು ಪ್ರಪೋಸಲ್ ಫಾರ್ಮಲ್ಲಿ (ಪಾಲಿಸಿ ತಗೊಳ್ಳೋವಾಗ ತುಂಬಿಕೊಟ್ಟ ಅರ್ಜಿ) ಬಿಲ್ಡಿಂಗ್ ಬಳಕೆ ಅನ್ನೋ ಕಾಲಂ ನೋಡ್ತೀನಿ, ತಕರಾರು ಹುಟ್ಟೋದೇ ಅಲ್ಲಿ.

ಪ್ರೀಮಿಯಂ ಕಮ್ಮಿ ಆಗ್ಲಿ ಅಂತ ಬರೀ ಮನೆ ಅಂತ ಬರ್ಸಿರ್ತಾರೆ. ಇನ್ನು ಕೆಲವ್ರು ಇಡೀ ಬಿಲ್ಡಿಂಗ್ ಕಮರ್ಷಿಯಲ್ ಅಂತ ಹಾಕ್ಸಿ, ಮೇಲೆ ಹೆಂಡ್ತಿ ಮಕ್ಕಳ ಜೊತೆ ವಾಸ ಇರೋದನ್ನ ಹೇಳೋದೇ ಇಲ್ಲ. ಎರಡೂ ತಪ್ಪೇ, ಯಾಕಂದ್ರೆ ರಾತ್ರಿ ಜನ ಇದ್ರೆ ಬೆಂಕಿ ಬೇಗ ಗೊತ್ತಾಗುತ್ತೆ ನಿಜ, ಆದ್ರೆ ಕೆಳಗೆ ಥಿನ್ನರ್ ಡಬ್ಬ, ಚಾರ್ಜಿಗಿಟ್ಟ ಲಿಥಿಯಂ ಬ್ಯಾಟರಿ ಇದ್ದು ಮೆಟ್ಟಿಲು ಒಂದೇ ಇದ್ರೆ ಮೇಲೆ ಮಲಗಿರೋರ ಪ್ರಾಣಕ್ಕೇ ಬರುತ್ತೆ. ಕಂಪನಿ ರೇಟ್ ಹಾಕೋದು ಇದನ್ನೆಲ್ಲ ಲೆಕ್ಕ ಹಿಡಿದೇ.

ಗೊತ್ತಿರೋ ವಿಷ್ಯ ಮುಚ್ಚಿಡಬಾರ್ದು ಅನ್ನೋ ರೂಲು ಹಳೇದು. 1766ರಲ್ಲಿ ಇಂಗ್ಲೆಂಡಲ್ಲಿ ಕಾರ್ಟರ್ ವರ್ಸಸ್ ಬೋಮ್ ಕೇಸಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಇದನ್ನ ಬಿಡಿಸಿ ಹೇಳಿದ್ರು. ಆದ್ರೆ ಆ ಕೇಸಲ್ಲಿ ಸೋತಿದ್ದು ಇನ್ಶೂರೆನ್ಸ್ ಕೊಟ್ಟೋನೇ, ತಾನೇ ತಿಳ್ಕೊಬಹುದಾಗಿದ್ದನ್ನ ತಿಳ್ಕೊಳ್ದೆ ಆಮೇಲೆ ಮುಚ್ಚಿಟ್ರು ಅನ್ನೋಕಾಗಲ್ಲ ಅಂತ. ನನಗೆ ಈ ತೀರ್ಪು ತುಂಬ ಇಷ್ಟ. ಆದ್ರೂ ಕೋರ್ಟ್‌ವರೆಗೆ ಯಾಕೆ ಹೋಗ್ಬೇಕು, ಯಾವ ಫ್ಲೋರಲ್ಲಿ ಏನು ನಡೆಯುತ್ತೆ ಅಂತ ಮೊದ್ಲೇ ಬರೆದು ಕೊಡಿ.

ಇನ್ನೊಂದು ದೊಡ್ಡ ಪೆಟ್ಟು ಬೀಳೋದು ಸಮ್ ಇನ್ಶೂರ್ಡಲ್ಲಿ, ಅಂದ್ರೆ ಎಷ್ಟು ಮೊತ್ತಕ್ಕೆ ಇನ್ಶೂರ್ ಮಾಡ್ಸಿದೀರ ಅನ್ನೋದ್ರಲ್ಲಿ. ಬಿಲ್ಡಿಂಗ್ ಮಾರಿದ್ರೆ ಎಷ್ಟು ಬರುತ್ತೆ ಅನ್ನೋದಲ್ಲ, ಮತ್ತೆ ಕಟ್ಟೋಕೆ ಎಷ್ಟಾಗುತ್ತೆ ಅನ್ನೋದು ಲೆಕ್ಕ, ಜಾಗ ಅಂತೂ ಸುಡಲ್ವಲ್ಲ. ಮತ್ತೆ ಕಟ್ಟೋ ಖರ್ಚಿನ 60% ಮಾತ್ರ ಇನ್ಶೂರ್ ಮಾಡ್ಸಿ, ಪಾಲಿಸಿಲಿ ಆವರೇಜ್ ಕ್ಲಾಜ್ (ಕಮ್ಮಿ ಮೊತ್ತಕ್ಕೆ ಇನ್ಶೂರ್ ಮಾಡ್ಸಿದ್ರೆ ಅದೇ ಲೆಕ್ಕದಲ್ಲಿ ಪರಿಹಾರನೂ ಕಮ್ಮಿ ಅನ್ನೋ ಷರತ್ತು) ಇದ್ರೆ, ಒಂದೇ ರೂಮ್ ಸುಟ್ರೂ ಆ ನಷ್ಟದ 60% ಅಷ್ಟೇ ಸಿಗೋದು. "ಸರ್, ನಾನು ಕೇಳ್ತಿರೋದು ಲಿಮಿಟ್ ಒಳಗೇ ಇದೆಯಲ್ಲ" ಅಂತ ಜನ ಕೇಳ್ತಾರೆ, ಅವ್ರಿಗೆ ಇದನ್ನ ಹೇಳೋವಾಗ ನನಗೇ ಸಂಕಟ ಆಗುತ್ತೆ.

ಮನೆ ಸಾಮಾನು ಅಂತ ತಗೊಂಡ ಕವರಲ್ಲಿ ಮಷೀನು, ಮಾರೋ ಸ್ಟಾಕು, ಕಸ್ಟಮರು ರಿಪೇರಿಗೆ ಬಿಟ್ಟುಹೋದ ಸಾಮಾನು ಸಾಮಾನ್ಯವಾಗಿ ಬರಲ್ಲ, ಬೇರೆ ಸೇರಿಸ್ಬೇಕು. ಕಸ್ಟಮರು ಮೆಟ್ಟಿಲಲ್ಲಿ ಜಾರಿ ಬಿದ್ರೆ ಪಬ್ಲಿಕ್ ಲಯಬಿಲಿಟಿ, ಅಂದ್ರೆ ಹೊರಗಿನವ್ರಿಗೆ ನೀವು ಕೊಡ್ಬೇಕಾದ ಪರಿಹಾರಕ್ಕೆ ಕವರ್, ಬೇಕು. ಆಮೇಲೆ ಇಂಥ ಬಿಲ್ಡಿಂಗಿಗೆ ಬೆಂಕಿ ಬಿದ್ರೆ ಇರೋಕೆ ಮನೆನೂ ಹೋಗುತ್ತೆ ದುಡಿಮೆನೂ ನಿಲ್ಲುತ್ತೆ, ಅದೂ ಒಂದೇ ದಿನ, ಹಂಗಾಗಿ ಬೇರೆ ಕಡೆ ಬಾಡಿಗೆಗೆ ಇರೋ ಖರ್ಚು ಮತ್ತೆ ವ್ಯಾಪಾರ ನಿಂತಿದ್ದಕ್ಕೆ ಆಗೋ ಲಾಸು, ಎರಡಕ್ಕೂ ಕವರ್ ಇದ್ಯಾ ಅಂತ ಏಜೆಂಟ್ ಹತ್ರ ಬಾಯ್ಮಾತಲ್ಲಿ ಕೇಳ್ಬೇಡಿ, ಪಾಲಿಸಿ ಪೇಪರಲ್ಲೇ ತೋರ್ಸಿ ಅನ್ನಿ.

ನಡುವೆ ಸಂಸಾರ ಬೇರೆ ಕಡೆ ಶಿಫ್ಟ್ ಆದ್ರೆ, ಒಂದು ರೂಮ್ ಗೋಡೌನ್ ಮಾಡಿದ್ರೆ, ರಿನ್ಯೂವಲ್‌ವರೆಗೆ ಕಾಯ್ಬೇಡಿ. ಕಂಪನಿಗೆ ಮೇಲ್ ಹಾಕಿ, ಎಂಡಾರ್ಸ್‌ಮೆಂಟ್ (ಪಾಲಿಸಿಲಿ ಬದಲಾವಣೆ ಸೇರಿಸಿ ಕಂಪನಿ ಕೊಡೋ ಪತ್ರ) ಕಾಪಿ ಕೈಗೆ ಬರೋವರೆಗೂ ಬೆನ್ನು ಬಿಡ್ಬೇಡಿ, ಅದರ ಒಂದು ಕಾಪಿ ಆ ಬಿಲ್ಡಿಂಗಲ್ಲಿ ಅಲ್ಲ, ಬೇರೆ ಕಡೆ ಇಟ್ಟಿರಿ.