ಕಡಿಮೆ ದರದ ಕೊಟೇಶನ್ ಮತ್ತು ಕೆಲಸಗಾರರ ಸಂಬಳ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಚೇರಿ ಕಟ್ಟಡವೊಂದರ ನಿರ್ವಹಣೆ ನನ್ನ ವೃತ್ತಿ. ಲಿಫ್ಟ್, ಜನರೇಟರ್, ಹವಾನಿಯಂತ್ರಣ, ನೀರಿನ ತೊಟ್ಟಿ, ಕೊಳಚೆ ನೀರು ಶುದ್ಧೀಕರಣ ಘಟಕ ಎಲ್ಲವೂ ನನ್ನ ಹೊಣೆಯೇ ಆದರೂ, ವರ್ಷದಲ್ಲಿ ನಾನು ಅತ್ಯಂತ ಎಚ್ಚರದಿಂದ ಮಾಡುವ ಕೆಲಸವೆಂದರೆ ಹೌಸ್‌ಕೀಪಿಂಗ್ ಮತ್ತು ಸೆಕ್ಯುರಿಟಿ ಗುತ್ತಿಗೆಗೆ ಬಂದ ಕೊಟೇಶನ್‌ಗಳನ್ನು ಸಾಲು ಸಾಲಾಗಿ ಓದುವುದು. ಕಟ್ಟಡದ ಯೋಗಕ್ಷೇಮ ಅಲ್ಲಿಯೇ ತೀರ್ಮಾನವಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಇಂತಹ ಗುತ್ತಿಗೆಯಲ್ಲಿ ಖರ್ಚಿನ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಕನಿಷ್ಠ ವೇತನವನ್ನು ಸರ್ಕಾರ ನಿಗದಿಪಡಿಸುತ್ತದೆ. ಅದರ ಮೇಲೆ ಭವಿಷ್ಯನಿಧಿಗೆ ಮಾಲೀಕರ ಪಾಲು ಶೇ 12, ಕೆಲಸಗಾರರಿಗೆ ಚಿಕಿತ್ಸೆ ಒದಗಿಸುವ ವಿಮೆಯಾದ ಇಎಸ್‌ಐಗೆ ಶೇ 3.25, ಬೋನಸ್ ಕನಿಷ್ಠ ಶೇ 8.33 ಸೇರಬೇಕು. ಈ ಮೊತ್ತಗಳು ಎಲ್ಲ ಏಜೆನ್ಸಿಗಳಿಗೂ ಒಂದೇ ಆಗಿರುವುದರಿಂದ ಸೇವಾ ಶುಲ್ಕ, ಸಮವಸ್ತ್ರ, ಶುಚಿಗೊಳಿಸುವ ಸಾಮಗ್ರಿಗಳಲ್ಲಿ ಮಾತ್ರ ಒಂದಿಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಹೀಗಿರುವಾಗ ಒಬ್ಬರ ದರ ಉಳಿದವರಿಗಿಂತ ಬಹಳ ಕೆಳಗಿದ್ದರೆ, ಆ ಉಳಿತಾಯ ಕೆಲಸಗಾರರ ಪಾಲಿನಿಂದಲೇ ಬಂದಿರಬೇಕು.

ಹೆಚ್ಚಾಗಿ ಕಾಣೆಯಾಗುವುದು ರಿಲೀವರ್‌ನ, ಅಂದರೆ ರಜೆಯಲ್ಲಿರುವವರ ಬದಲಿಗೆ ಬರುವವರ ಸಾಲು. ದಿನದ 24 ಗಂಟೆಯೂ ಕಾವಲಿರಬೇಕಾದ ಒಂದು ಗೇಟಿಗೆ 8 ಗಂಟೆಯ ಪಾಳಿಯಂತೆ ವಾರಕ್ಕೆ 21 ಪಾಳಿಗಳಾಗುತ್ತವೆ. ವಾರದ ರಜೆ ಬಿಟ್ಟು ಒಬ್ಬರು 6 ಪಾಳಿ ಮಾಡಿದರೆ ಆ ಒಂದೇ ಗೇಟಿಗೆ ಮೂರೂವರೆ ಜನ ಬೇಕು. ಕೊಟೇಶನ್‌ನಲ್ಲಿ ಮೂವರನ್ನಷ್ಟೇ ತೋರಿಸಿದ್ದರೆ, ಉಳಿದ ಅರ್ಧ ಜನರ ಕೆಲಸವನ್ನು ಅದೇ ಮೂವರು ಡಬಲ್ ಡ್ಯೂಟಿ ಮಾಡಿ ತುಂಬಬೇಕಾಗುತ್ತದೆ. ಬನ್ನೂರು, ಶ್ರೀರಂಗಪಟ್ಟಣ, ನಂಜನಗೂಡು ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ರಾತ್ರಿ ಪಾಳಿ ಮುಗಿಸಿದವರು, ಬೆಳಿಗ್ಗೆ ಬದಲಿಗೆ ಯಾರೂ ಬಾರದೆ ಮತ್ತೆ 8 ಗಂಟೆ ಅಲ್ಲಿಯೇ ನಿಲ್ಲುವುದನ್ನು ಕಂಡು ನನಗೆ ತುಂಬಾ ಸಂಕಟವಾಗಿದೆ. ದಸರೆಯಲ್ಲಿ ಇದು ಇನ್ನೂ ಬಿಗಡಾಯಿಸುತ್ತದೆ. ಆಯುಧಪೂಜೆಗೆ ಜನರೇಟರನ್ನೂ ಪಂಪುಗಳನ್ನೂ ನೆಲ ಉಜ್ಜುವ ಯಂತ್ರವನ್ನೂ ತೊಳೆದು ಹೂವು ಮುಡಿಸುವವರು ಇವರೇ. ಮರುದಿನ ಜಂಬೂಸವಾರಿಗೆ ಇಡೀ ಊರು ರಜೆಯಲ್ಲಿದ್ದರೂ ಗೇಟು ಮತ್ತು ಪಂಪ್‌ರೂಮ್ ನೋಡಿಕೊಳ್ಳಲು ಜನ ಇರಲೇಬೇಕು.

ದಣಿದವರಿಂದ ಕಟ್ಟಡಕ್ಕೂ ಅಪಾಯವಿದೆ. ಬೆಂಕಿ ನಂದಿಸುವ ನೀರಿನ ಕೊಳವೆಗಳಲ್ಲಿ ಒತ್ತಡ ಇಳಿದಾಗ ಜಾಕಿ ಪಂಪ್ ತಾನಾಗಿಯೇ ಓಡಿ ಅದನ್ನು ಸರಿದೂಗಿಸುತ್ತದೆ. ಅದು ಮತ್ತೆ ಮತ್ತೆ ಓಡುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಎಂದು ತಿಳಿಯಬೇಕು. ಸತತ 16 ಗಂಟೆ ದುಡಿದವರು ಇದನ್ನು ಗಮನಿಸಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಕೊಳಚೆ ತೊಟ್ಟಿಯ ವಿಷಯವಂತೂ ಪ್ರಾಣಕ್ಕೇ ಸಂಬಂಧಿಸಿದ್ದು. ಸಕ್ಕಿಂಗ್ ಯಂತ್ರದ ಬಾಡಿಗೆ ಉಳಿಸಲು ಮನುಷ್ಯರನ್ನೇ ಒಳಗಿಳಿಸಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ.

ಅವರು ಏಜೆನ್ಸಿಯ ಜನ, ನಮಗೇಕೆ ಎಂಬ ಮಾತನ್ನು ಸಭೆಗಳಲ್ಲಿ ಕೇಳಿದ್ದೇನೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಮೂಲ ಮಾಲೀಕರೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ನಮ್ಮಂಥ ಸಂಸ್ಥೆಯೇ, ಅದನ್ನು ಪೂರ್ತಿ ಮಾಡಿಕೊಡಬೇಕೆಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಷ್ಟು ಹಳೆಯದು. ಆದ್ದರಿಂದ ಪ್ರತಿ ತಿಂಗಳೂ ಹಾಜರಿ ಪುಸ್ತಕದ ಹೆಸರುಗಳನ್ನು ಭವಿಷ್ಯನಿಧಿ ಚಲನ್‌ನೊಂದಿಗಿನ ಪಟ್ಟಿಯ ಹೆಸರುಗಳಿಗೆ ಹೋಲಿಸಿ ನೋಡಿ, ಸಂಬಳ ಬ್ಯಾಂಕಿಗೆ ಜಮೆಯಾದ ದಾಖಲೆ ಕೈಗೆ ಬಂದ ಮೇಲೆಯೇ ಬಿಲ್ಲಿಗೆ ಸಹಿ ಹಾಕುತ್ತೇನೆ. ದಾಖಲೆಗಳಷ್ಟನ್ನೇ ನಂಬಿ ಕೂರುವುದಿಲ್ಲ. ಇಎಸ್‌ಐ ಆಸ್ಪತ್ರೆಗೆ ಹೋದಾಗ ಚಿಕಿತ್ಸೆ ಸಿಕ್ಕಿತೇ ಎಂದು ಹೌಸ್‌ಕೀಪಿಂಗ್‌ನ ಅಕ್ಕಂದಿರನ್ನು ಕೇಳಿದರೆ ನಿಜಸ್ಥಿತಿ ಬೇಗ ತಿಳಿಯುತ್ತದೆ. ಮುಂದಿನ ಗುತ್ತಿಗೆಯಲ್ಲಿ ರಿಲೀವರ್‌ನ ಲೆಕ್ಕವಿಲ್ಲದ ಕೊಟೇಶನ್‌ಗಳನ್ನು, ದರ ನೋಡುವುದಕ್ಕೂ ಮೊದಲೇ ತಿರಸ್ಕರಿಸಬೇಕೆಂದು ಖರೀದಿ ವಿಭಾಗಕ್ಕೆ ಬರೆದು ಕೊಟ್ಟಿದ್ದೇನೆ.