ಹಂಚಿನ ಮ್ಯಾಲಿನ ರೊಟ್ಟಿ

2023ರ ಡಿಸೆಂಬರ್ 1. ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್. ಇಲ್ಲಿ ಕಲಬುರಗಿಯ ನಮ್ಮ ಮನ್ಯಾಗ ಅವ್ವ ರೊಟ್ಟಿ ಬಡಿಯೋದು ಬಿಟ್ಟು, ಜೋಳದ ಹಿಟ್ಟು ಮೆತ್ತಿದ ಕೈಲೇ ಅಕ್ಕಗ ಫೋನ್ ಹಚ್ಚಿದ್ದೇ ಹಚ್ಚಿದ್ದು. ಎಂಗೇಜ್. ಹಂಚಿನ ಮ್ಯಾಲಿನ ರೊಟ್ಟಿ ಕರಕಾತು, ಯಾರೂ ತಿರುವಿ ಹಾಕಲಿಲ್ಲ. ಅಕ್ಕ ಆಗ ಮಗಳ ಶಾಲೆ ಗೇಟಿನ ಮುಂದ ನಿಂತಿದ್ದಳಂತ.

ಪೊಲೀಸರು ಹುಡುಕಿ ಹುಸಿ ಬೆದರಿಕೆ ಅಂದರು. ಆದರ ಮೂರೇ ತಿಂಗಳಿಗೆ, 2024ರ ಮಾರ್ಚ್ 1ಕ್ಕ, ಅದೇ ಊರಿನ ರಾಮೇಶ್ವರಂ ಕೆಫೆಯಾಗ ಖರೇನೇ ಸ್ಫೋಟ ಆತು. ಹಂಗಾಗಿ ‘ಸುಮ್ನ ಯಾಕ ಹೆದರ್ತೀರಿ’ ಅನ್ನೋರ ಮಾತು ನನಗ ಒಪ್ಪಿಗಿಲ್ಲ. ಅಂಥ ಹೊತ್ತಿನಾಗ ಹಳೇ ವಿಡಿಯೊ ವಾಟ್ಸಾಪಿನಾಗ ಹರಿಬಿಡೋರ ಮ್ಯಾಲ ಮಾತ್ರ ಭಾಳ ಸಿಟ್ಟು ಬರ್ತದ.

ಇವತ್ತೂ ಟೀವಿಯಾಗ ಬೆಂಗಳೂರು ಅಂದಕೂಡಲೇ ಅವ್ವ ಮೊದಲು ಫೋನ್ ಹುಡುಕ್ತಾಳ.