ರಗ್ಬಿಗೆ ಯಾವ ಬಣ್ಣದ ಪಿನ್ನು?

ಅಂತೂ ಇಂಗ್ಲೆಂಡಿನ ರಗ್ಬಿ ಊರಿನ ಹೆಸರಿನ ಗಂಟು ಬಿಚ್ಚಿತು. ಯಾವ ಊರಿನ ಹೆಸರು ಯಾವ ಭಾಷೆಯದು ಅಂತ ಗುರುತಿಸೋಕೆ ಇಂಗ್ಲೆಂಡಿನ ನಕ್ಷೆಯನ್ನು ಬೋರ್ಡಿಗೆ ಅಂಟಿಸಿ, ಹಳೇ ಇಂಗ್ಲಿಷಿನ ‘ಟನ್’, ‘ಹ್ಯಾಮ್’ ಎಂದು ಮುಗಿಯುವ ಊರುಗಳಿಗೆ ನೀಲಿ ಪಿನ್ನು ಚುಚ್ಚಿದ್ದೆ. ತಲೆ ತಿಂದಿದ್ದು ‘ಬಿ’ ಎಂದು ಮುಗಿಯುವ ಊರುಗಳು.

‘ಬಿ’ ಬಂತು ಅಂದ್ರೆ ಡೆನ್ಮಾರ್ಕ್ ಕಡೆಯಿಂದ ಬಂದು ನೆಲೆಸಿದ ಡೇನರ ಊರು, ಕೆಂಪು ಪಿನ್ನು. ಗ್ರಿಮ್ಸ್‌ಬಿ ಅಂದ್ರೆ ಗ್ರಿಮ್ ಅನ್ನುವವನ ಊರು. ಲಿಂಕನ್‌ಷೈರ್ ತುಂಬ ಕೆಂಪೋ ಕೆಂಪು. ಇಂಗ್ಲಿಷರ ಆಲ್ಫ್ರೆಡ್ ರಾಜನಿಗೂ ಡೇನರ ರಾಜ ಗುತ್ರಮ್‌ಗೂ 9ನೇ ಶತಮಾನದ ಕೊನೆಯಲ್ಲಿ ಆದ ಒಪ್ಪಂದದ ಗಡಿ ಥೇಮ್ಸ್, ಲೀ ನದಿ ಹಿಡಿದು ಹೋಗಿ ಕೊನೆಗೆ ವಾಟ್ಲಿಂಗ್ ಸ್ಟ್ರೀಟ್ ಅನ್ನೋ ರೋಮನ್ನರ ಕಾಲದ ರಸ್ತೆಗೆ ಮುಟ್ಟುತ್ತದಲ್ಲ, ಅಲ್ಲಿ ದಾರ ಕಟ್ಟಿದ್ದೆ. ರಗ್ಬಿ ನೋಡಿದ್ರೆ ದಾರದ ಈಚೆ, ಇಂಗ್ಲಿಷರ ಕಡೆ!

1086ರ ಡೂಮ್ಸ್‌ಡೇ ದಾಖಲೆ, ಅಂದ್ರೆ ರಾಜ ವಿಲಿಯಂ ಮಾಡಿಸಿದ ಊರು-ಜಮೀನಿನ ಲೆಕ್ಕದ ಪುಸ್ತಕ, ತೆಗೆದು ನೋಡಿದೆ. ಅಲ್ಲಿ ಊರಿನ ಹೆಸರು ‘ರೋಚೆಬೆರಿ’. ಅಂದ್ರೆ ಬಾಲದಲ್ಲಿ ಇರೋದು ಡೇನರ ‘ಬಿ’ ಅಲ್ಲ, ಕೋಟೆ ಅನ್ನೋ ಅರ್ಥದ ಹಳೇ ಇಂಗ್ಲಿಷಿನ ‘ಬುರ್ಹ್’. ಸುತ್ತಮುತ್ತ ‘ಬಿ’ಗಳು ಜಾಸ್ತಿ ಇದ್ದದ್ದಕ್ಕೆ ಇದೂ ಆಮೇಲೆ ಅವುಗಳ ಹಾಗೇ ಆಯಿತು. ಇಲ್ಲದಿದ್ರೆ ಈ ಊರಿನ ಹೆಸರು ಹೊತ್ತ ರಗ್ಬಿ ಆಟಕ್ಕೆ ಇವತ್ತು ‘ರಗ್ಬರಿ’ ಅನ್ನುತ್ತಿದ್ದರೇನೋ. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ 1645ರ ಕದನ ನಡೆದ ನೇಸ್‌ಬಿಯದೂ ಇದೇ ಕಥೆ: ಡೂಮ್ಸ್‌ಡೇಯಲ್ಲಿ ‘ನಾವೆಸ್‌ಬೆರಿ’.

ಹಾಗಾದ್ರೆ ಇವಕ್ಕೆ ಯಾವ ಬಣ್ಣ? ಮೈ ಇಂಗ್ಲಿಷ್, ಬಾಲ ಡೇನಿಷ್. ಎರಡು ಬಣ್ಣದ ಪಿನ್ನು ಯಾವನೂ ಮಾರಲ್ಲ. ನೀಲಿ ಪಿನ್ನನ್ನು ಥರ್ಮಕೋಲಿಗೆ ಚುಚ್ಚಿ, ತಲೆಯ ಅರ್ಧಕ್ಕೆ ಸಣ್ಣ ಟೇಪ್ ಸುತ್ತಿ, ಉಳಿದ ಅರ್ಧಕ್ಕೆ ಕೆಂಪು ನೇಲ್ ಪಾಲಿಶ್ ಹಚ್ಚಿದೆ. ಪೂರ್ತಿ ಒಣಗುವ ಮುಂಚೆಯೇ ಟೇಪ್ ಕೀಳಬೇಕು, ಇಲ್ಲದಿದ್ರೆ ಪಾಲಿಶ್ ಸಿಪ್ಪೆ ಥರ ಎದ್ದು ಬರುತ್ತೆ. ಕೆಂಪು ಪಿನ್ನು ಅಂತ ಆನ್‌ಲೈನಿನಲ್ಲಿ ತರಿಸಿದ್ದು ಕಿತ್ತಳೆ ಬಣ್ಣದ್ದು ಬಂದಿದೆ, ಒತ್ತಿದ್ರೆ ತಲೆ ಕಳಚಿ ಕೈಗೆ ಬರುತ್ತೆ. ಆ ಪುಣ್ಯಾತ್ಮನಿಗೆ ವಾಪಸ್ ಕಳಿಸೋ ಖರ್ಚೇ ಪಿನ್ನಿಗಿಂತ ಜಾಸ್ತಿ.

ಡರ್ಬಿಗೆ ಈ ತಾಪತ್ರಯ ಇಲ್ಲ. ‘ನಾರ್ತ್‌ವರ್ದಿ’ ಅನ್ನೋ ಹಳೇ ಹೆಸರನ್ನೇ ಡೇನರು ಕಿತ್ತುಹಾಕಿ ತಮ್ಮದು ಇಟ್ಟರು. ಅಪ್ಪಟ ಕೆಂಪು.

ಈ ನಡುವೆ ಮನಸ್ಸು ವೇಲ್ಸಿನ ಮನೆತನದ ಹೆಸರುಗಳ ಕಡೆ ಓಡ್ತಿದೆ. ಅಲ್ಲಿ ‘ಆಪ್’ ಅಥವಾ ‘ಆಬ್’ ಅಂದ್ರೆ ಇಂಥವನ ಮಗ. ಆಪ್ ರೀಸ್ ಹೋಗಿ ಪ್ರೈಸ್, ಆಪ್ ಹಿವೆಲ್ ಹೋಗಿ ಪೊವೆಲ್, ಆಬ್ ಓವೈನ್ ಹೋಗಿ ಬೋವೆನ್. ‘ಆಪ್’ನ ‘ಪ’, ‘ಆಬ್’ನ ‘ಬ’ ಅಪ್ಪನ ಹೆಸರಿಗೆ ಅಂಟಿಕೊಂಡೇ ಬಿಟ್ಟಿದೆ! ಅದಕ್ಕೆ ಬೇರೆ ಬೋರ್ಡು ಬೇಕು. ಮೊದಲು ಲಿಂಕನ್‌ಷೈರಿನ ಕೆಂಪು ‘ಬಿ’ಗಳ ಹಳೇ ಕಾಗುಣಿತ ಒಂದೊಂದಾಗಿ ನೋಡ್ತೀನಿ, ಇನ್ನೆಷ್ಟು ‘ಬೆರಿ’ಗಳು ಅಡಗಿ ಕೂತಿವೆಯೋ.